ಹನ್ನೆರಡನೇ ದಿನದ ಶುಂಠಿ

ಮಗಳು ಹುಟ್ಟಿ ಹನ್ನೆರಡನೇ ದಿನ. ಬೆಳಗ್ಗೆ ಆರು ಗಂಟೆಗೇ ಮೇಲಿನ ಮನೆಯ ಮೆಟ್ಟಿಲಲ್ಲಿ ಪೋಪೋ ಅವರ ಚಪ್ಪಲಿ ಸದ್ದು ಕೇಳಿಸಿತು. ಒಂದು ಮೆಟ್ಟಿಲು ಇಳಿಯುವುದು, ನಿಲ್ಲುವುದು, ಮತ್ತೆ ಇನ್ನೊಂದು. ಕೈಯಲ್ಲಿ ಏನೋ ಭಾರ ಇದೆ ಅಂತ ಆ ಸದ್ದಿನಲ್ಲೇ ಗೊತ್ತಾಯಿತು. ನನ್ನ ಗಂಡ ಓಡಿ ಹೋಗಿ ಬಾಗಿಲು ತೆಗೆದ. ಎಂಬತ್ತು ವರ್ಷದ ಜೀವ, ಕಂದು ಬಣ್ಣದ ಮಣ್ಣಿನ ಮಡಕೆಯೊಂದನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದುಕೊಂಡು ನಿಂತಿದ್ದರು. ಇವನು ಇಸಿದುಕೊಳ್ಳಲು ಹೋದರೆ ಕೊಡಲಿಲ್ಲ. ನೇರ ಅಡುಗೆಮನೆಗೆ ಬಂದು ಒಲೆ ಮೇಲಿಟ್ಟು ಮುಚ್ಚಳ ತೆಗೆದರು.

"ಆ ಮುಯ್, ಹ್ಯಾಕ್ ಫಾನ್."

ಹುಡುಗೀ, ಊಟ ಮಾಡು ಬಾ ಅಂತ. ಶುಂಠಿ, ಹುಳಿ, ಸಿಹಿ ಮೂರೂ ಸೇರಿದ ಘಾಟು, ಕಣ್ಣು ಉರಿಯುವಷ್ಟು, ಎರಡೇ ನಿಮಿಷದಲ್ಲಿ ಮನೆ ತುಂಬಿತು.

ಪೋಪೋ ಅಂದರೆ ಕ್ಯಾಂಟನೀಸ್ ಮಾತಿನಲ್ಲಿ ತಾಯಿಯ ತಾಯಿ. ವಯಸ್ಸಾದ ಯಾವ ಹೆಂಗಸನ್ನಾದರೂ ಹಾಗೆ ಕರೆಯಬಹುದು, ನಾವು ಅಜ್ಜಿ ಅನ್ನುವ ಹಾಗೆ. ಅವರು ನಮ್ಮ ಮನೆ ಓನರ್. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸನ್‌ಸೆಟ್ ಅಂತ ಒಂದು ಬಡಾವಣೆ ಇದೆ, ಪೆಸಿಫಿಕ್ ಕಡಲಿಗೆ ತಾಗಿದಂತೆ. ಬೇಸಿಗೆಯಲ್ಲೂ ಮಂಜು ಮುಸುಕಿರುತ್ತದೆ. ಒಂದಕ್ಕೊಂದು ಅಂಟಿಕೊಂಡ ಮನೆಗಳು, ಕೆಳಗೆ ಗ್ಯಾರೇಜು, ಮೇಲೆ ಮನೆ. ಗ್ಯಾರೇಜಿನ ಹಿಂದಿನ ಎರಡು ಕೋಣೆಯಲ್ಲಿ ನಾವು ಬಾಡಿಗೆಗಿದ್ದೆವು. ಅಲ್ಲಿಯವರೆಗೆ ನನಗೂ ಅವರಿಗೂ ಇದ್ದ ಮಾತು ಅಂದರೆ ಕಸದ ಡಬ್ಬಿ ಯಾವತ್ತು ಹೊರಗಿಡಬೇಕು ಅನ್ನುವುದು ಮತ್ತೆ ತಿಂಗಳ ಮೊದಲನೇ ತಾರೀಖಿನ ಚೆಕ್, ಅಷ್ಟೇ. ಅವರಿಗೆ ಬರುವ ಇಂಗ್ಲಿಷ್ ಐವತ್ತು ಶಬ್ದ. ನನಗೆ ಬರುತ್ತಿದ್ದ ಚೀನೀ ಮಾತು ಸೊನ್ನೆ.

ಅಮ್ಮ ಫೆಬ್ರವರಿಯಲ್ಲೇ ಅರಸೀಕೆರೆಯಿಂದ ಬರಬೇಕಿತ್ತು. ಬಾಣಂತಿ ಖಾರ ಕುಟ್ಟಿ, ಅಂಟಿನುಂಡೆ ಕಟ್ಟಿ ಸೂಟ್‌ಕೇಸ್ ತುಂಬಿಸಿಟ್ಟಿದ್ದಳು. ಅದು 2021, ಕೋವಿಡ್ ಕಾಲ. ವೀಸಾ ಸಂದರ್ಶನದ ದಿನ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು, ಆಮೇಲೆ ರದ್ದೇ ಆಯಿತು. ಹೆರಿಗೆಗೆ ವಾರ ಇರುವಾಗ ನಾನು ಗ್ಯಾರೇಜಿನಲ್ಲಿ ಬಟ್ಟೆ ಒಗೆಯುವ ಮೆಷಿನ್ ಮುಂದೆ ಕೂತು ಅಳುತ್ತಿದ್ದೆ. ಪೋಪೋ ನೋಡಿದರು. ಅಮ್ಮ ಬರಲ್ಲ, ವೀಸಾ ಸಿಗಲಿಲ್ಲ ಅಂತ ಕೈಸನ್ನೆಯಲ್ಲಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಹೌ ಮೆನಿ ಕ್ವೆಶ್ಚನ್?" ಎಷ್ಟು ಪ್ರಶ್ನೆ ಕೇಳಿದರು ಅಂತ. ಯಾಕೆ ಹಾಗೆ ಕೇಳಿದರು ಅಂತ ಆಗ ನನಗೆ ಅರ್ಥವಾಗಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅವರು ಕೆಳಗಿಳಿದು ಬಂದರು. ಹೆರಿಗೆಯಾದ ಕೂಡಲೇ ನರ್ಸ್ ನನಗೆ ದೊಡ್ಡ ಲೋಟದಲ್ಲಿ ಐಸ್ ನೀರು ಕೊಟ್ಟಿದ್ದಳು ಅಂತ ನನ್ನ ಗಂಡ ಮಾತಿಗೆ ಹೇಳಿದ. ಪೋಪೋ ಎದೆಗೆ ಕೈ ಇಟ್ಟುಕೊಂಡು ಕೂತುಬಿಟ್ಟರು. ಆಮೇಲೆ ಎದ್ದು ಕಿಟಕಿ ಮುಚ್ಚಿದರು, ನನ್ನ ಕಾಲಿಗೆ ಕಾಲುಚೀಲ ಹಾಕಿದರು, ತಲೆಗೆ ಬಟ್ಟೆ ಕಟ್ಟಿದರು. ಅವರ ಮೊಮ್ಮಗಳು ಓಕ್ಲೆಂಡ್‌ನಲ್ಲಿ ಇರುತ್ತಾಳೆ, ಇಪ್ಪತ್ತಾರು ವರ್ಷದ ಹುಡುಗಿ. ಅವಳಿಗೆ ಫೋನ್ ಹಚ್ಚಿ ಸ್ಪೀಕರ್‌ನಲ್ಲಿಟ್ಟು ಹೇಳಿಸಿದರು: ಒಂದು ತಿಂಗಳು ನೀನು ಹೊರಗೆ ಕಾಲಿಡಬಾರದು. ತಣ್ಣೀರು ಮುಟ್ಟಬಾರದು. ಅಳಬಾರದು, ಕಣ್ಣು ಹಾಳಾಗುತ್ತೆ. ಗಾಳಿ ಮೈಗೆ ಹೊಕ್ಕರೆ ಮುದುಕಿಯಾದ ಮೇಲೆ ಕೀಲು ಕೀಲು ನೋಯುತ್ತೆ. ಇದಕ್ಕೆ ಅವರಲ್ಲಿ 'ಚೋ ಯುತ್' ಅನ್ನುತ್ತಾರಂತೆ. ತಿಂಗಳು ಕೂರುವುದು ಅಂತ ಅರ್ಥ.

ನಾನು ಅವಳಿಗೆ ಹೇಳಿದೆ, ಇದನ್ನು ಯಾರೂ ನನಗೆ ತರ್ಜುಮೆ ಮಾಡಬೇಕಿಲ್ಲ ಕಣೇ, ನಮ್ಮೂರಲ್ಲಿ ಇದಕ್ಕೆ ಬಾಣಂತನ ಅಂತಾರೆ. ಕಿವಿಗೆ ಹತ್ತಿ ಒಂದು ಇಟ್ಟುಬಿಟ್ಟರೆ ಥೇಟ್ ನಮ್ಮಜ್ಜಿಯ ಬಾಣಂತನವೇ.

ಒಂದೇ ವಿಷಯಕ್ಕೆ ಜಗಳ ಬಂತು, ಅದು ನೀರಿನ ವಿಷಯ. ಅಮ್ಮ ವಿಡಿಯೋದಲ್ಲಿ, "ಮೈಗೆ ಎಣ್ಣೆ ತಿಕ್ಕಿ, ತಡೆಯೋಕಾಗದಷ್ಟು ಬಿಸಿ ನೀರು ಹುಯ್ಯಬೇಕು, ಹಂಡೆ ತುಂಬ, ಸೊಂಟಕ್ಕೆ ಜಾಸ್ತಿ, ಆಗಲೇ ಮೈ ಗಟ್ಟಿಯಾಗೋದು" ಅನ್ನುತ್ತಾಳೆ. ಪೋಪೋ ಪ್ರಕಾರ ಮೂವತ್ತು ದಿನ ತಲೆಗೆ ಒಂದು ಹನಿ ನೀರು ಬೀಳಬಾರದು. ಇಬ್ಬರೂ ಹಟಮಾರಿಗಳು. ಒಬ್ಬರ ಮಾತು ಇನ್ನೊಬ್ಬರಿಗೆ ಬರಲ್ಲ, ಮಧ್ಯೆ ಆ ಹುಡುಗಿ ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ. ಎರಡು ದಿನ ಇದೇ ನಡೆಯಿತು. ಮೂರನೇ ದಿನ ಪೋಪೋ ಒಂದು ಪೇಪರ್ ಪೊಟ್ಟಣ ತಂದರು. ಬಿಚ್ಚಿದರೆ ಒಣಗಿಸಿದ ಶುಂಠಿ ಸಿಪ್ಪೆ. ಎಷ್ಟೋ ದಿನದಿಂದ ಎತ್ತಿಟ್ಟಿದ್ದು. ಅದನ್ನು ದೊಡ್ಡ ಪಾತ್ರೆಯಲ್ಲಿ ನೀರು ಕೆಂಪಗಾಗುವವರೆಗೆ ಕುದಿಸಿ, ಈ ನೀರಾದರೆ ಪರವಾಗಿಲ್ಲ ಅಂತ ಸನ್ನೆ ಮಾಡಿದರು. ಅಮ್ಮ ಫೋನಿನಲ್ಲಿ ಬಗ್ಗಿ ನೋಡಿ, "ಶುಂಠಿ ಕಷಾಯದ ಸ್ನಾನವಾ? ಒಳ್ಳೇದೇ ಬಿಡು, ನೆನಪಾಗಿರಲಿಲ್ಲ ನಂಗೆ" ಅಂದಳು. ಅವತ್ತು ಪೋಪೋ ಸ್ಟೂಲ್ ಮೇಲೆ ನನ್ನನ್ನು ಕೂರಿಸಿ ಮಗ್ಗಿನಲ್ಲಿ ನೀರು ಹುಯ್ದರು, ಆಮೇಲೆ ಒಂದು ಎಳೆಯೂ ಒದ್ದೆ ಇರದ ಹಾಗೆ ತಲೆ ಒಣಗಿಸಿದರು. ಬೆನ್ನಿಗೆ ಆ ನೀರು ಬಿದ್ದಾಗ ಆದ ಸಮಾಧಾನ ನಾನು ಮರೆಯಲಾರೆ. ಹೆತ್ತ ಮೇಲೆ ಮೊದಲ ಸಲ, ನನ್ನ ಮೈಯನ್ನೂ ಯಾರೋ ನೋಡಿಕೊಳ್ಳುತ್ತಿದ್ದಾರೆ ಅನ್ನಿಸಿತು.

ಈಗ ಹನ್ನೆರಡನೇ ದಿನಕ್ಕೆ ಬರುತ್ತೇನೆ.

ನಮ್ಮ ಮನೆಯಲ್ಲಿ ಹನ್ನೆರಡನೇ ದಿನಕ್ಕೆ ತೊಟ್ಟಿಲಿಗೆ ಹಾಕಿ ಹೆಸರಿಡುವುದು. ಅವರ ಊರಿನ ಕಡೆಯೂ ಹನ್ನೆರಡನೇ ದಿನಕ್ಕೆ ಮಹತ್ವ ಇದೆ, ಅವತ್ತು ಬಾಣಂತಿಗೆ ಮೊದಲ ಸಲ ಶುಂಠಿ-ವಿನೆಗರ್ ಕೊಡುತ್ತಾರೆ. ಶುಂಠಿಯನ್ನು ಸಿಪ್ಪೆ ತೆಗೆದು, ಜಜ್ಜಿ, ಎಣ್ಣೆ ಹಾಕದೆ ಬಾಣಲೆಯಲ್ಲಿ ಹುರಿದು ನೀರಿನ ಪಸೆ ತೆಗೆಯುತ್ತಾರೆ. ಆಮೇಲೆ ಸಿಹಿಯಾದ ಕಪ್ಪು ವಿನೆಗರ್‌ನಲ್ಲಿ ಗಂಟೆಗಟ್ಟಲೆ ಬೇಯಿಸಿ, ದಿನಗಟ್ಟಲೆ ಹಾಗೇ ಬಿಟ್ಟು, ಮತ್ತೆ ಕುದಿಸುತ್ತಾರೆ. ಮಣ್ಣಿನ ಮಡಕೆಯೇ ಆಗಬೇಕು, ಲೋಹದ ಪಾತ್ರೆಯಲ್ಲಿ ಹುಳಿ ಕೆಡುತ್ತದೆ. ಅದಕ್ಕೆ ಹಂದಿಕಾಲು, ಬೇಯಿಸಿದ ಮೊಟ್ಟೆ ಹಾಕುವುದು ಪದ್ಧತಿ. ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ಇಲ್ಲ. ಪೋಪೋ ನನಗೋಸ್ಕರ ಬೇರೆ ಮಡಕೆಯಲ್ಲಿ ಹಂದಿಕಾಲು ಬಿಟ್ಟು ಕಡಲೆಕಾಯಿ ಬೀಜ ಹಾಕಿ ಮಾಡಿದ್ದರು. ಮಡಕೆಯೂ ಹೊಸದು. ಮಾಂಸ ಬೆಂದ ಮಡಕೆ ಬೇಡ ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ತಾವೇ ಯೋಚನೆ ಮಾಡಿ ತಂದಿದ್ದರು.

ಆ ಶುಂಠಿ ಬಂದಿದ್ದು ಎಲ್ಲಿಂದ ಅಂತಲೂ ಹೇಳಬೇಕು. ಆ ವರ್ಷ ಜನವರಿ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ, ಬೆಳಗ್ಗೆ ವಾಕಿಂಗ್ ಹೊರಟಿದ್ದ 84 ವರ್ಷದ ಥಾಯ್ ಅಜ್ಜನನ್ನು ಒಬ್ಬ ಓಡಿ ಬಂದು ನೂಕಿ ಬೀಳಿಸಿದ್ದ, ಆ ಅಜ್ಜ ಬದುಕಲಿಲ್ಲ. ಕೋವಿಡ್ ಚೀನಾದಿಂದ ಬಂತು ಅನ್ನುವ ಸಿಟ್ಟನ್ನು ದಾರಿಯಲ್ಲಿ ಸಿಕ್ಕ ಮುದುಕ ಮುದುಕಿಯರ ಮೇಲೆ ತೀರಿಸಿಕೊಳ್ಳುತ್ತಿದ್ದ ಕಾಲ ಅದು. ಮುಖ ಚೀನಿಯರ ಹಾಗೆ ಕಂಡರೆ ಸಾಕಿತ್ತು. ಪೋಪೋ ಅವರ ಮಕ್ಕಳು, ಹೊರಗೆ ಹೋಗಲೇಬೇಡಿ, ಸಾಮಾನು ನಾವು ತಂದು ಕೊಡುತ್ತೇವೆ ಅಂತ ಕಟ್ಟಪ್ಪಣೆ ಮಾಡಿದ್ದರು. ಮಗ ಶುಂಠಿ ತಂದುಕೊಟ್ಟಿದ್ದ ಕೂಡ. ಅದು ಎಳೇ ಶುಂಠಿ. ಬಾಣಂತಿಗೆ ಬಲಿತ ಶುಂಠಿಯೇ ಬೇಕು. ಯಾರಿಗೂ ಹೇಳದೆ ಟೋಪಿ, ಮಾಸ್ಕ್ ಹಾಕಿಕೊಂಡು, ಎರಡು ಚಕ್ರದ ಗಾಡಿ ಎಳೆದುಕೊಂಡು ಇರ್ವಿಂಗ್ ಸ್ಟ್ರೀಟ್‌ಗೆ ಹೋಗಿ, ನಾಲ್ಕು ಅಂಗಡಿ ನೋಡಿ ಆರಿಸಿ ತಂದಿದ್ದರು. ನನಗೆ ಇದು ಗೊತ್ತಾಗಿದ್ದು ಆಮೇಲೆ. ಮೊದಲೇ ಗೊತ್ತಾಗಿದ್ದರೆ ಬೇಡ ಅನ್ನುತ್ತಿದ್ದೆ, ಅವರು ಕೇಳುತ್ತಿರಲಿಲ್ಲ.

ನಮ್ಮ ಬೆಳಗ್ಗೆ ಏಳು ಅಂದರೆ ಅರಸೀಕೆರೆಯಲ್ಲಿ ಸಂಜೆ ಏಳೂವರೆ. ದೇವರ ಮುಂದೆ ದೀಪ ಹಚ್ಚಿ ಅಮ್ಮ ಅಪ್ಪ ಫೋನ್ ಮುಂದೆ ಕೂತಿದ್ದರು. ತೊಟ್ಟಿಲು ಇಲ್ಲ, ಬಟ್ಟೆ ಬುಟ್ಟಿಗೆ ಅಮ್ಮನ ಹಳೇ ಹತ್ತಿ ಸೀರೆ ಹಾಸಿದ್ದೆವು. ಮದುವೆಯಾಗಿ ಬರುವಾಗ ಅಮ್ಮನ ವಾಸನೆ ಇರಲಿ ಅಂತ ಎರಡು ಸೀರೆ ತಂದಿಟ್ಟುಕೊಂಡಿದ್ದೆ, ಅದರಲ್ಲಿ ಒಂದು. ಹೆಸರು ಹೇಳುವ ಮೊದಲು ಅಮ್ಮ, "ಕುಲಾವಿ ಇಲ್ವೇನೇ ಮಗೀಗೆ? ಬರೀ ತಲೆಯಲ್ಲಿ ತೊಟ್ಟಿಲಿಗೆ ಹಾಕ್ತೀಯಾ?" ಅಂತ ಕೇಳಿದಳು. ಇಲ್ಲ ಅಂದೆ. ಅಮ್ಮ ಎದ್ದು ಹೋಗಿ, ನಾನು ಹುಟ್ಟಿದಾಗ ಹಾಕಿದ್ದ ಕುಲಾವಿ ತಂದು ಕ್ಯಾಮೆರಾಕ್ಕೆ ಹಿಡಿದಳು. ಕೆಂಪು ಹೂವಿನದು, ಹಿಂದೆ ಕುತ್ತಿಗೆ ಮುಚ್ಚುವ ಬಾಲ, ಗಲ್ಲದ ಕೆಳಗೆ ಕಟ್ಟುವ ದಾರ.

ಪೋಪೋ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ತಿರುಗಿಸಿ ತೋರಿಸು ಅಂತ ಬೆರಳು ಸುತ್ತಿಸಿದರು, ಅಮ್ಮ ತಿರುಗಿಸಿದಳು. ಮಗುವಿನ ತಲೆಯನ್ನು ಗೇಣಿನಲ್ಲಿ ಅಳೆದರು. ಆಮೇಲೆ ಬುಟ್ಟಿಯೊಳಗಿನ ಸೀರೆಯ ಸೆರಗು ಹಿಡಿದು ನನ್ನ ಮುಖ ನೋಡಿದರು. ಹೂಂ ಅಂದೆ. ಕತ್ತರಿ ತಂದು ಒಂದು ಅಂಗೈ ಅಗಲ ಬಿಟ್ಟು ಕತ್ತರಿಸಿಕೊಂಡು ಗ್ಯಾರೇಜಿಗೆ ಹೋದರು. ಅಲ್ಲಿ ಅವರ ಹಳೇ ಸಿಂಗರ್ ಮೆಷಿನ್ ಇದೆ. ಗೋಡೆಯ ಆ ಕಡೆ ಮೆಷಿನ್ ಸದ್ದು ಶುರುವಾಯಿತು. ನಾನು ಜೀವಮಾನದಲ್ಲಿ ಅಷ್ಟು ವೇಗವಾಗಿ ಓಡುವ ಹೊಲಿಗೆ ಮೆಷಿನ್ ಕೇಳಿಲ್ಲ. ಅಮ್ಮ ಅಪ್ಪ ದೀಪದ ಮುಂದೆ ಕಾದರು. ಇಪ್ಪತ್ತು ನಿಮಿಷಕ್ಕೆ ಕುಲಾವಿ ಬಂತು. ಒಳಗೆ ಒಂದು ದಾರದ ತುದಿ ಕೂಡ ಕಾಣದ ಹಾಗೆ ಹೊಲಿಗೆ ಮಡಿಚಿದ್ದರು, ಎಳೇ ತಲೆಗೆ ಒತ್ತಬಾರದು ಅಂತ.

ಕುಲಾವಿ ಕಟ್ಟುವಾಗ ಅವರ ಬಲಗೈ ತೋರುಬೆರಳನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಉಗುರು ನಡುವಿನಿಂದ ಎರಡಾಗಿ ಸೀಳಿ, ಹಾಗೆಯೇ ಎರಡು ಹೋಳಾಗಿ ಬೆಳೆದಿದೆ. ಮಧ್ಯೆ ಒಂದು ಗೆರೆ. ಮೆಷಿನ್ನಿನ ಸೂಜಿ ಉಗುರಿನ ಮೇಲಿಂದ ಹೊಕ್ಕು ಕೆಳಗೆ ಬಂದ ಗುರುತು ಅದು.

ಹೆಸರಿಟ್ಟಾಯಿತು. ಪೋಪೋ ಮಾತ್ರ ಆ ಹೆಸರು ಕರೆಯಲಿಲ್ಲ. ಅವರು ಕರೆಯುವುದು 'ಚೂ ಚೂ' ಅಂತ, ಹಂದಿಮರಿ. ಚಂದದ ಹೆಸರು ಕೂಗಿದರೆ ಕೆಟ್ಟ ಕಣ್ಣು ಬೀಳುತ್ತದಂತೆ. ಅಮ್ಮನಿಗೆ ಬೇಜಾರಾಗಬಹುದು ಅಂದುಕೊಂಡು ಹೆದರಿ ಹೇಳಿದೆ. ಅಮ್ಮ, "ಸರಿಯಾಗೇ ಇದೆ, ನಮ್ಮಲ್ಲಿ ತಿಪ್ಪಮ್ಮ, ಕಲ್ಲಮ್ಮ ಅಂತ ಇಡಲ್ವಾ" ಅಂದಳು.

ಹನ್ನೊಂದು ಗಂಟೆಗೆ ಮೊಮ್ಮಗಳು ಬಂದಳು. ಬಟ್ಟಲು ತುಂಬ ಶುಂಠಿ, ಕಪ್ಪಗಾದ ಮೊಟ್ಟೆ. ಮೊದಲ ತುತ್ತಿಗೆ ಕಿವಿಯೊಳಗೆಲ್ಲ ಬಿಸಿಯಾಯಿತು. ತಿನ್ನುತ್ತಾ, ಸುಮ್ನೆ ಮಾತಿಗೆ ಅಂತ ಕೇಳಿದೆ: ನಿಮಗೆ ಇದನ್ನು ಯಾರು ಮಾಡಿಕೊಟ್ಟರು ಪೋಪೋ?

ಅವರು ಮಾತಾಡಲಿಲ್ಲ. ಎರಡೂ ಕೈ ಎತ್ತಿ ಹತ್ತು ಬೆರಳು ತೋರಿಸಿದರು, ಆಮೇಲೆ ಎರಡು. ಹನ್ನೆರಡು. ಹೌದು, ಇವತ್ತು ಹನ್ನೆರಡನೇ ದಿನ ಅಲ್ವಾ ಅಂದೆ. ಮೊಮ್ಮಗಳು ತಲೆ ಅಲ್ಲಾಡಿಸಿದಳು. "ಅದಲ್ಲ. ನಮ್ಮಮ್ಮ ಹುಟ್ಟಿ ಹನ್ನೆರಡನೇ ದಿನಕ್ಕೆ ಪೋಪೋ ಹೊಲಿಗೆ ಕೆಲಸಕ್ಕೆ ವಾಪಸ್ ಹೋದರು."

ಅದು 1965. ಪೋಪೋ ಅಮೆರಿಕಕ್ಕೆ ಬಂದು ಒಂದು ವರ್ಷ ಆಗಿತ್ತು. ಗಂಡ ಹೋಟೆಲಿನ ಅಡುಗೆಮನೆಯಲ್ಲಿ ರಾತ್ರಿ ಪಾಳಿ. ಅತ್ತೆ ಇಲ್ಲ, ಅಮ್ಮ ಇಲ್ಲ, ಅಕ್ಕ ತಂಗಿ ಯಾರೂ ಇಲ್ಲ. ಚೈನಾಟೌನಿನ ಒಂದು ನೆಲಮಾಳಿಗೆ, ಸಾಲಾಗಿ ಮೆಷಿನ್‌ಗಳು, ಎಲ್ಲರೂ ಅವರದೇ ಊರ ಕಡೆಯ ಹೆಂಗಸರು. ಸಂಬಳ ಪೀಸ್ ಲೆಕ್ಕ, ಎಷ್ಟು ಹೊಲಿದೆಯೋ ಅಷ್ಟಕ್ಕೆ. ಲಂಗಕ್ಕೆ ಜಿಪ್ ಕೂರಿಸುವುದು ಇವರ ಕೆಲಸ. ಹನ್ನೆರಡು ದಿನದ ಕೂಸನ್ನು ರಟ್ಟಿನ ಪೆಟ್ಟಿಗೆಯಲ್ಲಿ ಚಿಂದಿ ಬಟ್ಟೆ ಹಾಸಿ ಮಲಗಿಸಿ, ಮೇಜಿನ ಕೆಳಗೆ ಕಾಲಿನ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಅತ್ತರೆ ಕಾಲಿನಿಂದಲೇ ಪೆಟ್ಟಿಗೆ ತೂಗುವುದು. ಪಕ್ಕದ ಮೆಷಿನ್ನಿನಾಕೆ ಒಂದು ದಿನ ಡಬ್ಬಿಯಲ್ಲಿ ಶುಂಠಿ-ವಿನೆಗರ್ ತಂದು ಕೊಟ್ಟಳಂತೆ. ತಣ್ಣಗಾಗಿತ್ತು. ಬಿಸಿ ಮಾಡಲು ಅಲ್ಲಿ ಒಲೆ ಇರಲಿಲ್ಲ. ಹಾಗೇ ತಿಂದರಂತೆ. ಪೋಪೋ ಇದನ್ನು ಹೇಳುವಾಗ ನನ್ನ ಬಟ್ಟಲು ಇಸಿದುಕೊಂಡು, ತಣ್ಣಗಾಗಿದೆ ಅಂತ ಮತ್ತೆ ಒಲೆ ಮೇಲೆ ಇಟ್ಟರು.

ಅವರು ಹುಟ್ಟಿದ್ದು 1941ರಲ್ಲಿ, ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ತೈಶಾನ್‌ನಲ್ಲಿ. ಹಿಂದಿನ ಕಾಲದಲ್ಲಿ ಅಮೆರಿಕಕ್ಕೆ ಬಂದ ಚೀನಿಯರಲ್ಲಿ ಆ ಕಡೆಯವರೇ ಜಾಸ್ತಿ. ಚಿನ್ನದ ಗಣಿಗೆ, ರೈಲು ಹಳಿ ಹಾಕಲು ಗಂಡಸರು ಹೋದರು, ಹೆಂಗಸರು ಊರಲ್ಲೇ ಉಳಿದು ಅವರು ಕಳಿಸುವ ದುಡ್ಡಿನಲ್ಲಿ ಬದುಕಿದರು. ಸ್ಯಾನ್ ಫ್ರಾನ್ಸಿಸ್ಕೋಗೆ ಇವತ್ತಿಗೂ ಚೀನೀ ಭಾಷೆಯಲ್ಲಿ 'ಹಳೆಯ ಚಿನ್ನದ ಬೆಟ್ಟ' ಅಂತಲೇ ಹೆಸರು. ಯುದ್ಧ ಬಂದು ಹಾಂಗ್‌ಕಾಂಗ್ ಜಪಾನಿನ ಕೈಗೆ ಹೋದಾಗ ಆ ದುಡ್ಡು ಬರುವ ದಾರಿ ಮುಚ್ಚಿತು. 1943ರಲ್ಲಿ ಭೀಕರ ಬರ. ಪೋಪೋಗೆ ಎರಡು ವರ್ಷ. ಅವರ ಅಮ್ಮ ಮನೆಯ ಬಾಗಿಲು, ಕಿಟಕಿ ಕಿತ್ತು ಮಾರಿ ಅಕ್ಕಿ ತಂದು ಸಾಕಿದರಂತೆ. 1962ರಲ್ಲಿ ಪೋಪೋ ಹಾಂಗ್‌ಕಾಂಗ್‌ಗೆ ದಾಟಿದರು. ಅಮ್ಮನನ್ನು ನೋಡಿದ್ದು ಅದೇ ಕೊನೆ. ಅಮ್ಮ 1974ರಲ್ಲಿ ತೀರಿಕೊಂಡರು. ಕಾಗದ ಕೈ ಸೇರುವಾಗ ಎರಡು ತಿಂಗಳಾಗಿತ್ತು. ಅಮೆರಿಕಕ್ಕೂ ಚೀನಾಕ್ಕೂ ಮತ್ತೆ ಪೂರ್ತಿ ಸಂಬಂಧ ಕೂಡಿದ್ದು 1979ರಲ್ಲಿ, ಪೋಪೋ ಊರಿಗೆ ಹೋಗಿದ್ದು 1980ರಲ್ಲಿ. ಬಾಗಿಲಿಲ್ಲದ ಮನೆ ಹಾಗೇ ಇತ್ತಂತೆ.

"ಹೌ ಮೆನಿ ಕ್ವೆಶ್ಚನ್" ಅಂತ ಯಾಕೆ ಕೇಳಿದರು ಅನ್ನುವುದೂ ಅವತ್ತೇ ಗೊತ್ತಾಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕ 1882ರಲ್ಲಿ ಕಾನೂನು ಮಾಡಿ ಚೀನೀ ಕೂಲಿಗಳಿಗೆ ಬಾಗಿಲು ಹಾಕಿತು. 1943ರಲ್ಲಿ ತೆಗೆದರೂ ವರ್ಷಕ್ಕೆ 105 ಜನಕ್ಕೆ ಮಾತ್ರ ಅವಕಾಶ. ಈ ಮಧ್ಯೆ 1906ರ ಭೂಕಂಪ, ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆ ಎಲ್ಲ ಸುಟ್ಟು ಹೋಗಿತ್ತು. ಆಗ ಅನೇಕ ಚೀನಿಯರು, ನಾವು ಇಲ್ಲೇ ಹುಟ್ಟಿದವರು, ಊರಲ್ಲಿ ನಮಗೆ ಇಷ್ಟು ಮಕ್ಕಳಿದ್ದಾರೆ ಅಂತ ಬರೆಸಿದರು. ಆ ಮಕ್ಕಳ ಹೆಸರಿನಲ್ಲಿ ಬೇರೆಯವರ ಮಕ್ಕಳು ಬಂದರು. ಕಾಗದದ ಮಕ್ಕಳು ಅಂತಲೇ ಅವರನ್ನು ಕರೆಯುವುದು. ಪೋಪೋ ಅವರ ಗಂಡ 1939ರಲ್ಲಿ ಹನ್ನೆರಡು ವರ್ಷದ ಹುಡುಗ, ಹಾಗೆ ಯಾರದೋ ಮಗನಾಗಿ ಬಂದವರು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನಡುವಿನ ಏಂಜೆಲ್ ದ್ವೀಪದಲ್ಲಿ 1910ರಿಂದ 1940ರವರೆಗೆ ವಲಸೆ ಬಂದವರನ್ನು ಕೂಡಿಹಾಕುವ ಠಾಣೆ ಇತ್ತು. ಅಲ್ಲಿ ಐದು ವಾರ ಇಟ್ಟುಕೊಂಡು ದಿನಾ ಪ್ರಶ್ನೆ ಕೇಳಿದರು. ನಿನ್ನ ಮನೆಗೆ ಎಷ್ಟು ಮೆಟ್ಟಿಲು? ಅಕ್ಕಿ ಗಡಿಗೆ ಎಲ್ಲಿಡುತ್ತಾರೆ? ಎರಡನೇ ಸಾಲಿನ ಮೂರನೇ ಮನೆಯಲ್ಲಿ ಯಾರಿದ್ದಾರೆ? 'ಅಪ್ಪ' ಹೇಳಿದ್ದಕ್ಕೂ ಮಗ ಹೇಳಿದ್ದಕ್ಕೂ ವ್ಯತ್ಯಾಸ ಬಂದರೆ ವಾಪಸ್ ಹಡಗು. ಆ ಕಟ್ಟಡದ ಮರದ ಗೋಡೆಗಳಲ್ಲಿ ಹಾಗೆ ಕಾದವರು ಕೆತ್ತಿದ ಪದ್ಯಗಳು ಈಗಲೂ ಇವೆ.

1963ರಲ್ಲಿ ಅವರು ಹಾಂಗ್‌ಕಾಂಗ್‌ಗೆ ಬಂದು ಪೋಪೋ ಅವರನ್ನು ಮದುವೆಯಾದರು. ಹೆಂಡತಿಗೂ ಸಂದರ್ಶನ. ಹಾಗಾಗಿ ಆ ಸುಳ್ಳು ಮನೆಯನ್ನು ಪೋಪೋ ಕೂಡ ಬಾಯಿಪಾಠ ಮಾಡಬೇಕಾಯಿತು. ನಮ್ಮ ಅಡುಗೆಮನೆಯ ಸ್ಟೂಲ್ ಮೇಲೆ ಕೂತು, ಕಣ್ಣು ಮುಚ್ಚಿ, ಮಗ್ಗಿ ಹೇಳುವ ಹಾಗೆ ಹೇಳಿದರು, ಮೊಮ್ಮಗಳು ಒಂದೊಂದನ್ನೇ ಇಂಗ್ಲಿಷಿಗೆ ತಂದಳು. ಬಾಗಿಲು ದಕ್ಷಿಣಕ್ಕೆ. ಮೆಟ್ಟಿಲು ಐದು, ಕಲ್ಲಿನದು. ಬಾವಿ ಎಡಕ್ಕೆ, ನಲವತ್ತು ಹೆಜ್ಜೆ. ಬಾವಿ ಪಕ್ಕ ಲಿಚ್ಚಿ ಮರ ಎರಡು. ಅಜ್ಜಿ ಕಾಲು ಕಟ್ಟಿದವಳು (ಪಾದ ಬೆಳೆಯದ ಹಾಗೆ ಚಿಕ್ಕಂದಿನಲ್ಲೇ ಬಟ್ಟೆಯಲ್ಲಿ ಬಿಗಿದು ಕಟ್ಟುವುದು ಅಲ್ಲಿನ ಹಳೇ ಪದ್ಧತಿ), ಎಡಗಿವಿ ಕೇಳಿಸಲ್ಲ. ಆ ಊರನ್ನು ಅವರು ಕಣ್ಣಿನಿಂದ ನೋಡಿದ್ದೇ ಇಲ್ಲ. ಐವತ್ತೆಂಟು ವರ್ಷ ಆಗಿದೆ, ಒಂದು ಕಡೆಯೂ ತಡವರಿಸಲಿಲ್ಲ. ಮೊಮ್ಮಗಳು ಇದನ್ನು ಕೇಳಿದ್ದು ಅದೇ ಮೊದಲ ಸಲ. ತರ್ಜುಮೆ ಮಾಡುತ್ತಾ ಮಾಡುತ್ತಾ ಅವಳ ಗಂಟಲು ಕಟ್ಟಿತು.

ನಮ್ಮ ಬಾಡಿಗೆ ಕರಾರಿನಲ್ಲಿ ಇರುವುದು ಆ ಕಾಗದದ ಮನೆತನದ ಹೆಸರೇ. ಸರ್ಕಾರ 1956ರಿಂದ 1965ರವರೆಗೆ, ನಿಜ ಒಪ್ಪಿಕೊಳ್ಳಿ, ಹೆಸರು ಸರಿ ಮಾಡಿಕೊಳ್ಳಿ ಅಂದಿತ್ತು. ಅವರ ಗಂಡ ಹೆದರಿ ಒಪ್ಪಿಕೊಳ್ಳಲಿಲ್ಲ. ಒಬ್ಬ ಒಪ್ಪಿಕೊಂಡರೆ ಅದೇ ಹೆಸರಿನಲ್ಲಿ ಬಂದ ಎಲ್ಲರೂ ಸಿಕ್ಕಿಬೀಳುತ್ತಾರಲ್ಲ.

ನಾವು ಭಾರತದವರು ಇದನ್ನು ಬೇರೆಯವರ ಕಥೆ ಅಂತ ಕೇಳುತ್ತೇವೆ. 1917ರ ಕಾನೂನು ನಮಗೂ ಬಾಗಿಲು ಹಾಕಿತ್ತು. 1946ರಲ್ಲಿ ನಮಗೆ ಕೊಟ್ಟಿದ್ದು ವರ್ಷಕ್ಕೆ 100 ಜನ. 1965ರ ಕಾನೂನು ಬಂದ ಮೇಲೆಯೇ ಅವರೂ ನಾವೂ ಸರಿಯಾಗಿ ಒಳಗೆ ಬರುವಂತಾಗಿದ್ದು. ನನ್ನ ಗಂಡನ ಸಾಫ್ಟ್‌ವೇರ್ ಕೆಲಸವೂ ಆ ಬಾಗಿಲಿನಿಂದಲೇ ಬಂದಿದ್ದು.

ಆಮೇಲಿನ ಅವರ ಬದುಕನ್ನು ಮೊಮ್ಮಗಳು ಸೋಫಾದಲ್ಲಿ ಕೂತು ಗಬಗಬ ಹೇಳಿದಳು. ಮೂರು ಮಕ್ಕಳು. ಎಂಟು ವರ್ಷಕ್ಕೇ ದೊಡ್ಡ ಮಗಳು ಮನೆಗೆ ಬರುವ ಕಾಗದ, ಕರೆಂಟ್ ಬಿಲ್ ಎಲ್ಲ ಅಮ್ಮನಿಗೆ ಓದಿ ಹೇಳುತ್ತಿದ್ದಳು. ಹೊಲಿಗೆ ಮೆಷಿನ್ನಿನ ದುಡಿಮೆಯಲ್ಲೇ ಮೂವರೂ ಕಾಲೇಜು ಓದಿದರು, ಈ ಮನೆ ಬಂತು. ಮಗಳಿಗೆ, ಇಬ್ಬರು ಸೊಸೆಯರಿಗೆ ಪೋಪೋ ಒಂದು ದಿನವೂ ಕಡಿಮೆ ಮಾಡದೆ ತಿಂಗಳು ಕೂರಿಸಿದರು. ಐದು ಮೊಮ್ಮಕ್ಕಳನ್ನು ಸಾಕಿದ್ದು ಅವರೇ. ಬೆಳಗ್ಗೆ ಗಂಜಿ ಮಾಡಿ ಸ್ಕೂಲಿಗೆ ಬಿಟ್ಟು, ಹೊಲಿಗೆಗೆ ಹೋಗಿ, ಮೂರು ಗಂಟೆಗೆ ಮತ್ತೆ ಸ್ಕೂಲ್ ಗೇಟಿನಲ್ಲಿ ಇರುತ್ತಿದ್ದರು. "ನಾವು ಪೋಪೋ ಅಂದರೆ ಗೇಟಿನಲ್ಲಿ ನಿಂತಿರುವವರು ಅಂದುಕೊಂಡೇ ಬೆಳೆದೆವು" ಅಂದಳು.

ಸಂಜೆ ಅವಳು ಹೊರಟಳು. ಅಟ್ಲಾಂಟಾದ ಸುದ್ದಿ ಬಂದಿದ್ದು ಆಮೇಲೆ. ಒಬ್ಬ ಮೂರು ಮಸಾಜ್ ಅಂಗಡಿಗೆ ನುಗ್ಗಿ ಎಂಟು ಜನರನ್ನು ಗುಂಡಿಟ್ಟು ಕೊಂದಿದ್ದ. ಆರು ಮಂದಿ ಏಷ್ಯಾ ಮೂಲದ ಹೆಂಗಸರು. ದೂರದೇಶದಿಂದ ಬಂದು ಮಕ್ಕಳಿಗಾಗಿ ದುಡಿಯುತ್ತಿದ್ದ ತಾಯಂದಿರು, ಅಜ್ಜಿಯರು ಅವರಲ್ಲಿದ್ದರು. ಮೇಲಿನ ಮನೆಯಲ್ಲಿ ಟಿವಿ ಶಬ್ದ ಕೇಳಿಸುತ್ತಿತ್ತು, ನಡುವೆ ಫೋನ್ ರಿಂಗ್ ಆಗುತ್ತಲೇ ಇತ್ತು. ಮಕ್ಕಳು ಇರಬೇಕು. ನಾನು ಬಾಣಂತಿ, ಮೆಟ್ಟಿಲು ಹತ್ತಬಾರದು ಅನ್ನುವುದು ಅವರದೇ ನಿಯಮ. ಅವತ್ತು ಮುರಿದೆ. ತಲೆಗೆ ಬಟ್ಟೆ ಸುತ್ತಿಕೊಂಡು, ಮಗುವನ್ನು ಎತ್ತಿಕೊಂಡು ಹೋದೆ. ಪೋಪೋ ಟಿವಿ ಮುಂದೆ ದೀಪ ಹಾಕದೆ ಕೂತಿದ್ದರು. ಕಿಟಕಿ ಪರದೆ ಎಲ್ಲ ಎಳೆದಿತ್ತು. ನನ್ನನ್ನು ನೋಡಿ ಬೈಯಲಿಲ್ಲ. ಕೈ ಚಾಚಿದರು, ಮಗುವನ್ನು ಕೊಟ್ಟೆ. ಕುಲಾವಿಯ ದಾರ ಸಡಿಲ ಆಗಿತ್ತು, ಬಿಚ್ಚಿ ಮತ್ತೆ ಕಟ್ಟಿದರು. ಬಹಳ ಹೊತ್ತು ಹಾಗೇ ಕೂತಿದ್ದೆವು. ನಮ್ಮಿಬ್ಬರ ಹತ್ತಿರವೂ ಅದಕ್ಕೆ ಬೇಕಾದ ಭಾಷೆ ಇರಲಿಲ್ಲ.

ಮರುದಿನ ಬೆಳಗ್ಗೆ ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಕೆಟ್ ಸ್ಟ್ರೀಟ್‌ನಲ್ಲಿ ಒಬ್ಬ ಚೀನೀ ಅಜ್ಜಿಯ ಮುಖಕ್ಕೆ ಯಾರೋ ಗುದ್ದಿದ. ಆ ಅಜ್ಜಿ ಕೈಗೆ ಸಿಕ್ಕ ಹಲಗೆ ತೆಗೆದುಕೊಂಡು ತಿರುಗಿ ಬಡಿದರು. ಪೋಪೋ ಆ ವಿಡಿಯೋ ನನಗೆ ಮೂರು ಸಲ ತೋರಿಸಿದರು. ಅವರ ಗಾಡಿಯ ಹಿಡಿಗೆ ಆವತ್ತಿನಿಂದ ಒಂದು ದಪ್ಪ ಕೋಲು ಕಟ್ಟಿರುತ್ತದೆ. ಮನೆಯಲ್ಲಿ ಕೂರಲಿಲ್ಲ ಅವರು.

ಮರುವರ್ಷ, ಏಪ್ರಿಲ್ ಮೊದಲ ಭಾನುವಾರ, ಚಿಂಗ್‌ಮಿಂಗ್‌ಗೆ ನಾನೇ ಅವರನ್ನು ಕೋಲ್ಮಾಕ್ಕೆ ಕರೆದುಕೊಂಡು ಹೋದೆ. ಚಿಂಗ್‌ಮಿಂಗ್ ಅಂದರೆ ಹಿರಿಯರ ಗೋರಿ ಗುಡಿಸಿ ಎಡೆ ಇಡುವ ಹಬ್ಬ, ನಮ್ಮ ಪಿತೃಪಕ್ಷ ಇದ್ದ ಹಾಗೆ. ಕೋಲ್ಮಾ ಸ್ಯಾನ್ ಫ್ರಾನ್ಸಿಸ್ಕೋದ ಸ್ಮಶಾನಗಳ ಊರು. ಬದುಕಿರುವವರು ಸುಮಾರು 1,500, ಮಣ್ಣಾದವರು ಲಕ್ಷಗಟ್ಟಲೆ. ಗಂಡನ ಕಲ್ಲಿನ ಮುಂದೆ ಪೋಪೋ ಕಿತ್ತಳೆ, ಬೇಯಿಸಿದ ಕೋಳಿ, ಮೂರು ಪುಟ್ಟ ಬಟ್ಟಲು ಚಹಾ ಇಟ್ಟರು. ಕಲ್ಲಿನ ಮೇಲೆ ಇಂಗ್ಲಿಷಿನಲ್ಲಿ ಕಾಗದದ ಹೆಸರು. ಪಕ್ಕದಲ್ಲಿ ಚೀನೀ ಅಕ್ಷರದಲ್ಲಿ ಬೇರೆ ಮನೆತನದ ಹೆಸರು, ನಿಜವಾದದ್ದು. ಸತ್ತ ಮೇಲೆ ಕಲ್ಲಿನಲ್ಲಿ ಮಾತ್ರ ಅವರು ತಮ್ಮ ಅಪ್ಪನ ಮಗನಾದರು. ಅದರ ಪಕ್ಕ ಕೆಂಪು ಬಣ್ಣ ತುಂಬಿದ ಮೂರು ಅಕ್ಷರ. ಅದು ಪೋಪೋ ಹೆಸರು. ಬದುಕಿರುವವರ ಹೆಸರನ್ನು ಕೆಂಪಿನಲ್ಲಿ ಬರೆಸಿಡುತ್ತಾರಂತೆ. ನನ್ನ ಬೆರಳು ಹಿಡಿದು ಆ ಕೆಂಪು ಗೆರೆಗಳ ಮೇಲೆ ಆಡಿಸಿ, ಹೆಸರು ಹೇಳು ಅಂದರು. ಹೇಳಿದೆ. ತಪ್ಪು ಅಂತ ಸ್ವರ ತಿದ್ದಿದರು. ನಾಲ್ಕನೇ ಸಲಕ್ಕೆ ಸರಿ ಬಂತು.

ಅಮ್ಮ ಬಂದಿದ್ದು ಮಗುವಿಗೆ ಹತ್ತೊಂಬತ್ತು ತಿಂಗಳಾದಾಗ. ಸೂಟ್‌ಕೇಸ್ ತೆಗೆದ ಕೂಡಲೇ ಮೊದಲು ತಟ್ಟೆ ಜೋಡಿಸಿದಳು. ಎಲೆ ಅಡಿಕೆ, ತೆಂಗಿನಕಾಯಿ, ನಾಲ್ಕು ಬಾಳೆಹಣ್ಣು, ಹಸಿರು ಖಣ. ಕುಂಕುಮದ ಬಟ್ಟಲು ಇಡಲೋ ಬೇಡವೋ ಅಂತ ಸ್ವಲ್ಪ ಹೊತ್ತು ನಿಂತಳು, ಪೋಪೋಗೆ ಗಂಡ ಇಲ್ಲ ಅಂತ. ಆಮೇಲೆ, "ನನ್ನ ಮಗಳ ಬಾಣಂತನ ಮಾಡಿದ ಕೈ ಅದು" ಅಂತ ತಾನೇ ಹೇಳಿಕೊಂಡು ಇಟ್ಟಳು. ಇಬ್ಬರೂ ಮೆಟ್ಟಿಲ ಹತ್ತಿರ ಭೇಟಿಯಾದರು. ಅಮ್ಮ ತಟ್ಟೆ ಕೊಟ್ಟು ಕಾಲು ಮುಟ್ಟಲು ಬಗ್ಗಿದಳು, ಪೋಪೋ ಗಾಬರಿಯಾಗಿ ಅಮ್ಮನ ಎರಡೂ ಭುಜ ಹಿಡಿದು ಎಬ್ಬಿಸಿದರು.

ಆಮೇಲೆ ಅವರ ಕಣ್ಣು ಖಣದ ಮೇಲೆ ಹೋಯಿತು. ಬಿಡಿಸಿ ಬೆಳಕಿಗೆ ಹಿಡಿದು, ಆ ಸೀಳಿದ ಉಗುರಿನಿಂದ ಅಂಚಿನ ನೇಯ್ಗೆ ಸವರಿದರು. ಗೇಣು ಹಾಕಿ ಅಳೆದರು. ಒಂದು, ಎರಡು, ಮೂರು. ಅಂಗಿಗೆ ಸಾಲದು ಅಂತ ತಲೆ ಆಡಿಸಿದರು. ಮತ್ತೆ ಅಳೆದು, ನನ್ನ ಹೊಟ್ಟೆ ಕಡೆ ನೋಡಿ, ಅಮ್ಮನ ಕಡೆ ನೋಡಿ, ಎರಡು ಬೆರಳು ಎತ್ತಿದರು.

"ಟೂ ಹ್ಯಾಟ್" ಅಂದರು.

ಎರಡು ಕುಲಾವಿಗೆ ಆಗುತ್ತೆ ಅಂತ. ಅಮ್ಮನಿಗೆ ನಾನು ಹೇಳುವ ಮೊದಲೇ ಅರ್ಥವಾಗಿತ್ತು, ಖಣ ಹಿಡಿದುಕೊಂಡು ಗ್ಯಾರೇಜಿಗೆ ಹೊರಟಿದ್ದ ಪೋಪೋ ಹಿಂದೆಯೇ ಹೋದಳು.